ಗುಂಡಿನ ತೂತು, ನೀಲಿ ಚಿಟ್ಟೆ


*ಇಂದಿನ ಧಮ್ಮ ಚಿಂತನೆ*



ಕೆಲಸದ ಮೇಲೆ ಮಧ್ಯ ಅಮೆರಿಕದ ಕೋಸ್ಟಾ ರಿಕಾಕ್ಕೆ ಹೋಗಿರುವ ನಮ್ಮ ಬಳಗದ ಉಪಾಸಿಕೆಯೊಬ್ಬರು ಗುಂಪಿಗೆ ಎರಡು ಫೋಟೋ ಹಾಕಿದ್ದರು. ಒಂದರಲ್ಲಿ ಅಂಗೈಯಗಲದ ನೀಲಿ ಚಿಟ್ಟೆ, ಇನ್ನೊಂದರಲ್ಲಿ ತೂತು ಬಿದ್ದ ಗೋಡೆ. ಚಿಟ್ಟೆಗೆ ಎಲ್ಲರೂ ಹೂವು, ಹೃದಯ ಕಳಿಸಿದರು. ಗೋಡೆಯ ಬಗ್ಗೆ ಯಾರೂ ಕೇಳಲಿಲ್ಲ. ಚಿಟ್ಟೆ ಕಂಡರೆ ಅನಿತ್ಯದ ಮಾತು ಹೇಗೂ ಬರುತ್ತದೆ, ಅದು ಇನ್ನೊಂದು ದಿನಕ್ಕಿರಲಿ. ಇವತ್ತು ಗೋಡೆಯ ಮಾತು.

ಎರಡೂ ಒಂದೇ ಜಾಗದವು. ರಾಜಧಾನಿ ಸಾನ್ ಹೊಸೆಯ ರಾಷ್ಟ್ರೀಯ ಮ್ಯೂಸಿಯಂ. ಒಳಹೋಗುವ ದಾರಿಯಲ್ಲೇ ಚಿಟ್ಟೆಗಳ ತೋಟವಿದೆ. ಆದರೆ ಕಟ್ಟಡ ಮೊದಲು ಬೆಯಾವಿಸ್ತಾ ಎಂಬ ಸೇನಾ ಕೋಟೆಯಾಗಿತ್ತು. 1948ರಲ್ಲಿ ಚುನಾವಣೆಯ ಜಗಳ ಅಂತರ್ಯುದ್ಧವಾಗಿ 44 ದಿನ ನಡೆಯಿತು. ಸತ್ತವರು ಸುಮಾರು 2,000. ಗೆದ್ದ ಕಡೆಯ ನಾಯಕ ಹೊಸೆ ಫಿಗೆರೆಸ್ ಅದೇ ವರ್ಷ ಡಿಸೆಂಬರ್ 1ರಂದು ಈ ಕೋಟೆಯ ಗೋಡೆಗೆ ಸುತ್ತಿಗೆಯ ಏಟು ಹಾಕಿ, ಇನ್ನು ದೇಶಕ್ಕೆ ಸೈನ್ಯವಿಲ್ಲ ಎಂದು ಸಾರಿದರು. ಕೋಟೆ ಮ್ಯೂಸಿಯಂ ಪಾಲಾಯಿತು. 1949ರ ಸಂವಿಧಾನದ 12ನೇ ವಿಧಿ ಅದನ್ನು ಕಾಯಂ ಮಾಡಿತು. ಇಂದಿಗೂ ಅಲ್ಲಿ ಪೊಲೀಸರಿದ್ದಾರೆ, ಸೈನ್ಯವಿಲ್ಲ.

ಫಿಗೆರೆಸ್ ಅವರನ್ನು ಬೋಧಿಸತ್ವ ಮಾಡುವುದು ಬೇಡ. ಬಂದೂಕಿನಿಂದಲೇ ಅಧಿಕಾರಕ್ಕೆ ಬಂದವರು, ಸೋತ ಕಡೆಯ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದವರು. ಸೈನ್ಯ ನಾಳೆ ತನ್ನ ಮೇಲೇ ತಿರುಗೀತು ಎಂಬ ಲೆಕ್ಕವೂ ಇದ್ದಿರಬಹುದು. ಆದರೂ ಗೆದ್ದವನೇ ಆಯುಧ ಕೆಳಗಿಟ್ಟದ್ದು ಸಣ್ಣ ಮಾತಲ್ಲ. ಕಳಿಂಗದ ಬಳಿಕ ಅಶೋಕ ಮಹಾರಾಜರು ಸೈನ್ಯವನ್ನು ವಿಸರ್ಜಿಸಿದರೆಂದು ಯಾವ ಶಾಸನವೂ ಹೇಳುವುದಿಲ್ಲ.

ಈಗ ತಾರೀಖು ಗಮನಿಸಿ. ಆ ಸುತ್ತಿಗೆಯ ಏಟಿಗೆ ಎರಡೇ ದಿನ ಮೊದಲು, 1948ರ ನವೆಂಬರ್ 29ರಂದು, ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಗೆ ಒಪ್ಪಿಗೆ ಕೊಟ್ಟಿತು. ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರು. ಅದೇ ಇಂದಿನ 17ನೇ ವಿಧಿ. ಅಲ್ಲೂ ರದ್ದು, ಇಲ್ಲೂ ರದ್ದು. ಅಲ್ಲಿ ಕೋಟೆಯೊಳಗೆ ಮಕ್ಕಳು ಚಿಟ್ಟೆ ನೋಡುತ್ತಿದ್ದಾರೆ. ಇಲ್ಲಿ ಮ್ಯಾನ್‌ಹೋಲಿಗೆ ಇಳಿದವರು ಯಾವ ಕೇರಿಯವರೆಂದು ಇಂದಿಗೂ ಕೇಳಬೇಕಾಗಿಲ್ಲ.

ಸೈನ್ಯಕ್ಕೆ ಒಂದು ಕಟ್ಟಡವಿರುತ್ತದೆ, ಸಂಬಳದ ಪಟ್ಟಿ ಇರುತ್ತದೆ, ಬೀಗದ ಕೈ ಇರುತ್ತದೆ. ಕಿತ್ತುಕೊಂಡರೆ ಮುಗಿಯಿತು. ಅಸ್ಪೃಶ್ಯತೆಗೆ ಎಲ್ಲಿದೆ ಕೋಟೆ? ಹೋಟೆಲಿನ ಬೇರೆ ಲೋಟದಲ್ಲಿದೆ, ಬಾಡಿಗೆ ಮನೆ ಕೇಳಿದಾಗ ಬರುವ "ನೀವು ಯಾವ ಜನ?" ಎಂಬ ಪ್ರಶ್ನೆಯಲ್ಲಿದೆ. ಬಾಬಾಸಾಹೇಬರು 17ನೇ ವಿಧಿಯಲ್ಲೇ ಅದನ್ನು ಶಿಕ್ಷಾರ್ಹ ಅಪರಾಧವೆಂದು ಬರೆಸಿದ್ದರೂ, 1956ರಲ್ಲಿ ನಾಗಪುರದಲ್ಲಿ ಧಮ್ಮದ ದಾರಿ ಹಿಡಿದದ್ದು ಇದಕ್ಕೇ ಇರಬೇಕೆಂದು ನನಗನಿಸುತ್ತದೆ. ಕಾನೂನು ಮುಟ್ಟದ ಜಾಗ ಮನಸ್ಸು. ಆದರೆ ದೀಕ್ಷೆ ತೊಗೊಂಡವರು ನಾವು. ಬೇರೆ ಲೋಟ ಇಟ್ಟವರು ಇನ್ನೂ ತೊಗೊಂಡಿಲ್ಲ. ನಮ್ಮ ಮನಸ್ಸು ಬಿಡುಗಡೆಯಾದ ಮಾತ್ರಕ್ಕೆ ಅವರ ಕೋಟೆ ಖಾಲಿಯಾಗುವುದಿಲ್ಲ.

ಇನ್ನು ಆ ತೂತುಗಳು. ಅವು 1948ರ ಗುಂಡಿನ ಗುರುತು. ಮ್ಯೂಸಿಯಂ ಆದ ಮೇಲೂ ಸಿಮೆಂಟು ಮೆತ್ತಿ ಮುಚ್ಚಲಿಲ್ಲ. ನಮಗೆ ಮಾತ್ರ "ಹಳೆಯದನ್ನು ಯಾಕೆ ಕೆದಕುತ್ತೀರಿ" ಎಂಬ ಬುದ್ಧಿವಾದ ನಿತ್ಯ ಸಿಗುತ್ತದೆ. ನಮ್ಮಲ್ಲೂ ಎಷ್ಟೋ ತಂದೆತಾಯಿ ಹಳೆಯ ಕೇರಿಯ ಹೆಸರನ್ನೇ ಮಕ್ಕಳಿಗೆ ಹೇಳುವುದಿಲ್ಲ. ಶಾಲೆಯಲ್ಲಿ ಮಗು ನೋಯಬಾರದೆಂಬ ಕಾಳಜಿ ಅದು, ತಪ್ಪೆನ್ನಲಾರೆ. ಆದರೆ ಗೊತ್ತಿಲ್ಲದ ಮಗುವಿಗೆ ಒಂದು ದಿನ ಆ ಪ್ರಶ್ನೆ ಎದುರಾದಾಗ, ತನ್ನಲ್ಲೇ ಏನೋ ಕೊರತೆ ಇದೆಯೆಂದು ಅದು ನಂಬಿಬಿಡುತ್ತದೆ. ಗೊತ್ತಿದ್ದರೆ ಕೊರತೆ ಯಾರಲ್ಲಿದೆ ಎಂಬುದು ತಿಳಿದಿರುತ್ತದೆ. ಕೇಳಿದ್ದು ಮಗುವಿನೊಳಗೆ ದ್ವೇಷವಾಗುತ್ತದೋ ತಿಳುವಳಿಕೆಯಾಗುತ್ತದೋ ಎಂಬುದು ಹೇಳುವವರ ದನಿಯ ಮೇಲೂ ಇದೆ.

ಈ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಹಿರಿಯರು ತಮ್ಮೂರಿನ ಬಾವಿಯ ಸಂಗತಿಯನ್ನು ಮಕ್ಕಳ ಮುಂದೆ ಹೇಳಲಿ. ಮಕ್ಕಳನ್ನು ತಪ್ಪದೆ ಕರೆತನ್ನಿ.

ಜೈಭೀಮ್ 💙