ಕೈಗೆ ಒಪ್ಪುವ ಕೋಲು

(ಅಮೆರಿಕದ ವಾಷಿಂಗ್ಟನ್ ರಾಜ್ಯ. ಸ್ಕೈಕೋಮಿಶ್ ನದಿಯ ಹತ್ತಿರ ಗಾಳದ ಸಾಮಾನಿನ ಅಂಗಡಿ. ಸಿಯಾಟಲ್‌ನಲ್ಲಿ ನೆಲೆಸಿದ ಕನ್ನಡಿಗ ಅಣ್ಣ-ತಮ್ಮ.)

ತಮ್ಮ: ಎರಡೂ ಕೋಲಿನ ಮೇಲೆ ಒಂದೇ ಬರಹ ಕಣಣ್ಣ: 9 ಅಡಿ, 8ರಿಂದ 12 ಪೌಂಡಿನ ದಾರ. ಇದರ ಗ್ರಾಫೈಟಿಗೆ ಮಾಡ್ಯುಲಸ್ ಜಾಸ್ತಿ. ಇದನ್ನೇ ಕೊಂಡರಾಯಿತು. ಕೈಗೆ ಒಪ್ಪುತ್ತದಾ ಅಂತ ಮತ್ತೆ ಮತ್ತೆ ಯಾಕೆ ಕೇಳ್ತೀಯ?

ಅಣ್ಣ: ಮಾಡ್ಯುಲಸ್ ಹೇಳುವುದು ನಾರಿನ ಬಿಗಿತ, ಕೋಲಿನದಲ್ಲ. ನಾರನ್ನು ಎಷ್ಟು ಸುತ್ತಿದ್ದಾರೆ, ಎಲ್ಲಿ ದಪ್ಪ ಬಿಟ್ಟಿದ್ದಾರೆ ಅನ್ನುವುದರ ಮೇಲೆ ಕೋಲಿನ ಗುಣ. ಬಿಗಿ ನಾರು ಕಡಿಮೆ ಸಾಕು, ಕೋಲು ಹಗುರವಾಗುತ್ತದೆ. ಆದರೆ ತೆಳುವಾದದ್ದು ಬಂಡೆಗೆ ತಾಗಿದರೆ ಬೇಗ ಮುರಿಯುತ್ತದೆ.

ತಮ್ಮ: ಇರಲಿ. ಆದರೂ ಕೈಗೆ ಒಪ್ಪುವುದು ಅವರವರ ಇಷ್ಟ. ಇಷ್ಟವನ್ನು ತಿಳಿವಳಿಕೆ ಅನ್ನಬಹುದಾ?

ಅಣ್ಣ: ಬರೀ ಇಷ್ಟ ತಪ್ಪಾಗಲಾರದು. ಕೈಯ ತೀರ್ಪು ತಪ್ಪಾಗಬಹುದು, ಹೊಳೆ ಅದನ್ನು ತೋರಿಸಿಕೊಡುತ್ತದೆ. ಅದಕ್ಕೇ ಅದನ್ನು ತಿಳಿವಳಿಕೆ ಅನ್ನುತ್ತೇನೆ. ನಾವು ಹಿಡಿಯಹೊರಟ ಸ್ಟೀಲ್‌ಹೆಡ್ ಅಂದರೆ ಕಡಲಿಗೆ ಹೋಗಿ ಬೆಳೆದು ಹೊಳೆಗೆ ಮರಳುವ ರೇನ್‌ಬೋ ಟ್ರೌಟ್. ಅಷ್ಟು ಬಲಿಷ್ಠ ಮೀನು, ಚಳಿಗಾಲದ ನೀರಿನಲ್ಲಿ ಎಷ್ಟೋ ಸಲ ಎಳೆಯುವುದೇ ಇಲ್ಲ. ದಾರಕ್ಕೆ ಕಟ್ಟಿದ ಸೀಸ ತಳದ ಕಲ್ಲುಗಳಿಗೆ ಟಕ್ ಟಕ್ ತಾಗುತ್ತ ಸಾಗುತ್ತಿರುತ್ತದೆ, ಒಮ್ಮೆಗೇ ಆ ಟಕ್ ನಿಂತುಬಿಡುತ್ತದೆ. ಅಷ್ಟೇ. ನಿಲ್ಲಿಸಿದ್ದು ಮೀನೋ ಕಲ್ಲೋ ಅನ್ನುವುದನ್ನು ಬೆರಳೇ ತೀರ್ಮಾನಿಸಬೇಕು. 1973ರಲ್ಲಿ ಫೆನ್‌ವಿಕ್ ಕಂಪನಿಯ ಗ್ರಾಫೈಟ್ ಕೋಲು ಬಂದಾಗ ಜನ ಫೈಬರ್‌ಗ್ಲಾಸ್ ಬಿಟ್ಟು ಅತ್ತ ಹೊರಳಿದ್ದಕ್ಕೆ, ಇಂಥ ಸಣ್ಣ ಸುಳಿವನ್ನು ಅದು ಬೆರಳಿಗೆ ಚೆನ್ನಾಗಿ ಮುಟ್ಟಿಸುವುದೂ ಒಂದು ಕಾರಣ.

ತಮ್ಮ: ಹಾಗಾದರೆ ಇದೇ ಸರಿ. ಅಲ್ಲಾಡಿಸಿದರೆ ತುದಿ ಥಟ್ಟನೆ ನಿಲ್ಲುತ್ತದೆ, ನೋಡು.

ಅಣ್ಣ: ಅಂಗಡಿಯಲ್ಲಿ ಬರಿದೇ ಬೀಸಿದರೆ ಬಿಗಿ ಕೋಲೇ ಗೆಲ್ಲುವುದು. ಮೊದಲು ರೀಲ್ ಕೂರಿಸು. ಮುಂಭಾರ ಜಾಸ್ತಿಯಾದರೆ ಸಂಜೆಯ ಹೊತ್ತಿಗೆ ಮಣಿಕಟ್ಟು ಸೋತಿರುತ್ತದೆ. ಸೋತ ಕೈಗೆ ಆ ಟಕ್ ನಿಂತದ್ದೂ ಗೊತ್ತಾಗುವುದಿಲ್ಲ. ಆಮೇಲೆ ದಾರ ಪೋಣಿಸು, ನಾನು ಎಳೆಯುತ್ತೇನೆ. ತುದಿ ಸಲೀಸಾಗಿ ಬಾಗಬೇಕು, ಬುಡ ಬಿಟ್ಟುಕೊಡಬಾರದು.

ತಮ್ಮ: ಕಚ್ಚಿದ್ದನ್ನು ತಿಳಿಸುವುದು ತುದಿ. ಬುಡದ ಮಾತು ಯಾಕೆ?

ಅಣ್ಣ: ಮೀನಿಗೋಸ್ಕರ. ನಮ್ಮ ಈ ಪ್ಯೂಜೆಟ್ ಸೌಂಡ್ ಸೀಮೆಯ ಸ್ಟೀಲ್‌ಹೆಡ್‌ಗೆ 2007ರಿಂದ ಕಾನೂನಿನ ರಕ್ಷಣೆ ಇದೆ. ಬಾಲದ ಹತ್ತಿರ, ಬೆನ್ನ ಮೇಲೆ ಒಂದು ಪುಟ್ಟ ರೆಕ್ಕೆ ಇರುತ್ತದಲ್ಲ, ಸಾಕುಕೇಂದ್ರದ ಮರಿಗಳಿಗೆ ಗುರುತಿಗಾಗಿ ಅದನ್ನು ಕತ್ತರಿಸಿರುತ್ತಾರೆ. ರೆಕ್ಕೆ ಇದ್ದರೆ ಕಾಡುಮೀನು, ನೀರಿನಿಂದ ಎತ್ತದೆ ಬಿಟ್ಟುಬಿಡಬೇಕು. ಬುಡದಲ್ಲಿ ಬಲವಿಲ್ಲದ ಕೋಲು ಹಿಡಿದು ಅದನ್ನು ಆಡಿಸಿದಷ್ಟೂ ಅದು ದಣಿಯುತ್ತದೆ. ಬಿಟ್ಟ ಮೇಲೆ ಬದುಕಬೇಡವಾ? ನನ್ನ ಕೈಗೆ ಹಿತವಾಗಿದೆ ಅನ್ನುವಾಗ ಆ ಜೀವದ ಪಾಡೂ ನನ್ನ ಲೆಕ್ಕದಲ್ಲಿ ಇರಬೇಕು.

ತಮ್ಮ: ಹಾಗಾದರೆ ಈ ಅಂಕಿಗಳಿಗೆ ಬೆಲೆಯೇ ಇಲ್ಲವಾ?

ಅಣ್ಣ: ಇದೆ. 8ರಿಂದ 12 ಅಂತ ಮಾಡಿದವರು ಬರೆದದ್ದನ್ನು ಮೀರಬೇಡ. ಆ ಮಿತಿಯೊಳಗೆ ಯಾವ ಕೋಲು ಅನ್ನುವುದನ್ನು ಮಾತ್ರ ಅವರು ನಿನ್ನ ಪರವಾಗಿ ಹೇಳಲಾರರು.

ತಮ್ಮ: ಸರಿ, ರೀಲ್ ಕೊಡು. ಆ ಇನ್ನೊಂದನ್ನೂ ಇಳಿಸು. ಅದರ ಹಿಡಿ ಉದ್ದ, ಮೊಣಕೈಗೆ ತಡೆಯುತ್ತದಾ ನೋಡಬೇಕು.