ಹೊಸ ಪ್ಲೇಟು, ಹಳೇ ಫ್ಲೈವೀಲು

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಳೇ ಮಹೀಂದ್ರ, ಮ್ಯಾಸಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಇಂಚಿಂಚೇ ಸರಿಯುತ್ತಿರುತ್ತವೆ. ಡ್ರೈವರನ ಎಡಗಾಲು ಕ್ಲಚ್ಚಿನ ಮೇಲೇ ಇರುತ್ತದೆ. ಪೂರ್ತಿ ಒತ್ತಿರುವುದೂ ಇಲ್ಲ, ಪೂರ್ತಿ ಬಿಟ್ಟಿರುವುದೂ ಇಲ್ಲ. ಆ ಅರೆಬರೆಯಲ್ಲಿ ಕ್ಲಚ್ ಪ್ಲೇಟು ಇಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿಗೆ ಉಜ್ಜಿ ಕಾಯುತ್ತದೆ. ಪ್ಲೇಟಿನ ಲೈನಿಂಗ್ ಸವೆದು ರಿವೆಟ್ ಮೇಲೆದ್ದರೆ ಫ್ಲೈವೀಲಿನ ಮುಖದ ತುಂಬ ಗೆರೆ ಬೀಳುತ್ತದೆ.

ಕ್ಲಚ್ ಬದಲಿಸಲು ಇಂಜಿನ್ನು, ಗೇರ್‌ಬಾಕ್ಸು ಬೇರೆಮಾಡಿ ಗಾಡಿಯನ್ನೇ ಎರಡು ತುಂಡು ಮಾಡಬೇಕು. ಅಷ್ಟೆಲ್ಲ ಬಿಚ್ಚಿದ ಮೇಲೂ, ‘ಪ್ಲೇಟ್ ಹಾಕಿ ಮುಚ್ಚಿಬಿಡ್ರಿ ಮಿಸ್ತ್ರಿ, ಹಂಗಾಮು ಹೊಂಟೈತಿ’ ಎನ್ನುವ ಮಾಲೀಕರಿದ್ದಾರೆ. ಫ್ಲೈವೀಲನ್ನು ಲೇತಿಗೆ ಹಾಕಿಸಿ ಸಮ ಮಾಡಿಸದಿದ್ದರೆ, ಗೆರೆಬಿದ್ದ ಮುಖಕ್ಕೆ ಹೊಸ ಪ್ಲೇಟು ಪೂರ್ತಿ ಕೂರುವುದಿಲ್ಲ. ಉಬ್ಬಿದ ಕಡೆ ಮಾತ್ರ ತಾಗಿ ಅಲ್ಲೇ ಕಾಯ್ದು, ಗಾಡಿ ನಡುಗಿ, ಪ್ಲೇಟು ಬೇಗ ಸುಟ್ಟುಹೋಗುತ್ತದೆ. ಆಗ ಬೈಗುಳ ಪ್ಲೇಟಿಗೆ: ‘ಡುಪ್ಲಿಕೇಟ್ ಮಾಲು!’

ಮನೆಗೆ ಬಂದ ಸೊಸೆಯ ಪಾಡೂ ಇದೇ. ಹೊಂದಿಕೊಂಡು ಹೋಗು ಎಂಬ ಮಾತು ಯಾವಾಗಲೂ ಆಕೆಗೇ. ಮೂವತ್ತು ನಲವತ್ತು ವರ್ಷದಿಂದ ಮನೆಯ ಮುಖದಲ್ಲಿ ಬಿದ್ದ ಗೆರೆಗಳನ್ನು ಲೇತಿಗೆ ಹಾಕಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಹಾಕಿಸಿದರೂ ಕೆಲಸ ಸಲೀಸಲ್ಲ. ಫ್ಲೈವೀಲಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿರುತ್ತವೆ. ಬೀಡುಕಬ್ಬಿಣ ಅಲ್ಲಿ ವಿಪರೀತ ಕಾದು, ಥಟ್ಟನೆ ಆರಿ, ಸುತ್ತಲಿನ ಲೋಹಕ್ಕಿಂತ ಗಡುಸಾಗಿರುತ್ತದೆ. ಲೇತಿನ ಉಳಿ ಅದರ ಮೇಲೆ ಎಗರಿಬಿಡುತ್ತದೆ. ಗ್ರೈಂಡಿಂಗ್ ಕಲ್ಲೇ ಬೇಕು. ಎಮರಿ ಕಾಗದ ಉಜ್ಜಿದರೆ ಹೊಳಪು ಬರುತ್ತದೆ, ಅಷ್ಟೆ. ಹಿರಿಯರ ಹಠವೂ ಬಹುಪಾಲು ಹೀಗೆ ಎಂದೋ ಸುಟ್ಟ ಜಾಗದಲ್ಲೇ ಇರುತ್ತದೆ. ಬರೀ ಬೈದು ಅದನ್ನು ಕರಗಿಸುತ್ತೇವೆ ಅನ್ನುವವರನ್ನು ನಾನು ನಂಬುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಫ್ಲೈವೀಲುಗಳಲ್ಲಿ ಪ್ಲೇಟು ತಾಗುವ ಮುಖ ತಗ್ಗಿನಲ್ಲಿರುತ್ತದೆ, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟುಗಳು ಕೂರುವ ಅಂಚು ಎತ್ತರದಲ್ಲಿ. ಮುಖವನ್ನು ಅರ್ಧ ಮಿಲಿಮೀಟರ್ ಕತ್ತರಿಸಿದರೆ ಅಂಚನ್ನೂ ಅಷ್ಟೇ ಕತ್ತರಿಸಬೇಕು. ಇಲ್ಲದಿದ್ದರೆ ನುಣುಪಾದ ಮುಖವಿದ್ದೂ ಹಿಡಿತ ಸಡಿಲ, ಕ್ಲಚ್ ಮತ್ತೆ ಜಾರುತ್ತದೆ. ‘ಅಡುಗೆ ನಿನ್ನಿಷ್ಟದಂತೆ ಮಾಡವ್ವಾ’ ಎಂದ ಅತ್ತೆ ತಿಜೋರಿ ಕೀಲಿಯನ್ನು ಮಾತ್ರ ಸೊಂಟದಲ್ಲೇ ಇಟ್ಟುಕೊಂಡರೆ ಆಗುವುದೂ ಇದೇ.

ಕತ್ತರಿಸಿದಷ್ಟೂ ಫ್ಲೈವೀಲು ತೆಳುವಾಗುತ್ತದೆ, ಅದಕ್ಕೊಂದು ಮಿತಿಯಿದೆ. ಆಳದ ಬಿರುಕು ಕಂಡರಂತೂ ತಿಳಿದ ಲೇತಿನವನು ಕೈಯಲ್ಲೇ ಹಿಡಿಯುವುದಿಲ್ಲ. ವೇಗದಲ್ಲಿ ತಿರುಗುವಾಗ ಸಿಡಿದರೆ ಜೀವ ಹೋಗುತ್ತದೆ. ‘ಇದು ಬ್ಯಾಡ್ರಿ, ಬ್ಯಾರೇದು ತರ್ರಿ’ ಎಂದು ವಾಪಸು ಕಳಿಸುತ್ತಾನೆ. ವರದಕ್ಷಿಣೆಗೆ ‘ಉಡುಗೊರೆ’ ಎಂಬ ಹೊಳಪು ಕೊಟ್ಟು ಉಳಿಸಿಕೊಂಡ ಮನೆಗಳಲ್ಲಿ ಹಾಗೆ ಹೇಳುವವರು ಇನ್ನೂ ಕಡಿಮೆ.