ದುಡಿದು ದಣಿದವರು ಕಥೆ ಬರೆಯಬಹುದೇ?



ದಿನವಿಡೀ ದುಡಿದು ಬಂದವರಿಗೆ ಕಥೆ ಬರೆಯುವ ಹಂಬಲವಿದ್ದರೆ ತಪ್ಪೇ? ಇದು ದೊಡ್ಡ ಸಾಹಿತಿಗಳ ಪ್ರಶ್ನೆ ಮಾತ್ರವಲ್ಲ. ನಮ್ಮ ಪೋತ್ನಾಳ, ಮಾನ್ವಿ, ಸಿಂಧನೂರು ಕಡೆ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವರು, ತುಂಬಿದ ತರಗತಿಯ ಗದ್ದಲದಲ್ಲಿ ಪಾಠ ಹೇಳುವ ಶಿಕ್ಷಕಿಯರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಯರು, ಇವರಲ್ಲಿಯೂ ಬರೆಯುವ ಕೈಗಳಿವೆ. ಸಂಜೆ ಮನೆಗೆ ಬರುವಷ್ಟರಲ್ಲಿ ಯಂತ್ರದ ಸದ್ದು ಇನ್ನೂ ಕಿವಿಯಲ್ಲಿ ಮೊರೆಯುತ್ತಿರುತ್ತದೆ. ಟ್ಯೂಬ್‌ಲೈಟಿನ ಬೆಳಕು ಸಹ ಕಣ್ಣಿಗೆ ಚುಚ್ಚುತ್ತದೆ. ಮಕ್ಕಳ ಮಾತೂ ಪೆಟ್ಟಿನಂತೆ ಕೇಳುತ್ತದೆ. ಪೆನ್ನು ಹಿಡಿದರೆ ಅಕ್ಷರ ಮೂಡುವುದಿಲ್ಲ. ಆಗ ಅವರು ತಮ್ಮನ್ನೇ ಸೋಮಾರಿ ಎಂದು ಬೈದುಕೊಳ್ಳುತ್ತಾರೆ.

ಈ ಬೈಗುಳ ನ್ಯಾಯವಾದದ್ದಲ್ಲ. ಮನುಷ್ಯನ ಅರಿವೆಲ್ಲ ಇಂದ್ರಿಯಗಳ ಬಾಗಿಲಿನಿಂದಲೇ ಆರಂಭವಾಗುತ್ತದೆಂದು ಸಂತ ತೋಮಸ್ ಅಕ್ವಿನಾಸರು ಹೇಳುತ್ತಾರೆ. ಕಥೆಗೆ ಬೇಕಾದ ಮುಖಗಳು, ಮಾತುಗಳು, ವಾಸನೆಗಳು ಒಳಗೆ ಬರುವುದೂ ಅದೇ ಬಾಗಿಲಿನಿಂದ. ಅಲ್ಲಿಯೇ ನೂಕುನುಗ್ಗಲಾದರೆ ಒಳಗಿನ ಮನೆಯಲ್ಲಿ ಅಡುಗೆ ಹೇಗೆ ನಡೆದೀತು? ಕೆಲವರ ನರಗಳು ಹುಟ್ಟಿನಿಂದಲೇ ಸದ್ದು, ಬೆಳಕುಗಳನ್ನು ಇತರರಿಗಿಂತ ಹೆಚ್ಚು ತೀಕ್ಷ್ಣವಾಗಿ ಗ್ರಹಿಸುತ್ತವೆ. ಅದು ನಾಟಕವಲ್ಲ, ಗುಣದೋಷವೂ ಅಲ್ಲ.

ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ವಿನೋದ, ವಿಶ್ರಾಂತಿಗಳ ಬಗ್ಗೆ ಬರೆಯುವಾಗ ಸಂತ ಯೊವಾನ್ನರ ಕುರಿತ ಹಳೆಯ ಕಥೆಯೊಂದನ್ನು ನೆನೆಯುತ್ತಾರೆ. ಶಿಷ್ಯರೊಡನೆ ಆಡುತ್ತಿದ್ದ ಯೊವಾನ್ನರನ್ನು ಕಂಡು ಕೆಲವರು ಬೇಸರಪಟ್ಟರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಯೊವಾನ್ನರು ಬಾಣ ಬಿಡಲು ಹೇಳಿದರು. ಹಲವು ಬಾಣ ಬಿಟ್ಟ ಮೇಲೆ, ಹೀಗೇ ನಿಲ್ಲಿಸದೆ ಬಿಡಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದನವನು. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ದೇಹದ ದಣಿವಿನಂತೆ ಮನಸ್ಸಿಗೂ ದಣಿವುಂಟು, ಅದಕ್ಕೂ ವಿಶ್ರಾಂತಿ ಬೇಕು ಎಂಬುದು ಈ ಮಹಾಪಂಡಿತರ ತೀರ್ಮಾನ.

ಹಾಗಾದರೆ ನೌಕರಿಯೇ ಬರಹಕ್ಕೆ ಶತ್ರುವೇ? ಸಾಗರದ ನಾ. ಡಿಸೋಜರ ಬಾಳು ಹಾಗೆ ಹೇಳುವುದಿಲ್ಲ. 1937ರಲ್ಲಿ ಹುಟ್ಟಿ 2025ರ ಜನವರಿಯಲ್ಲಿ ನಮ್ಮನ್ನಗಲಿದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಶರಾವತಿ ಯೋಜನೆಯ ಕಾರ್ಗಲ್‌ನಂಥ ಜಾಗಗಳಲ್ಲಿ ಕೆಲಸ ಮಾಡುತ್ತಾ ಮುಳುಗಡೆಯಿಂದ ನೆಲೆ ಕಳೆದುಕೊಂಡವರನ್ನು ಹತ್ತಿರದಿಂದ ಕಂಡರು. ಆ ನೋವು ‘ದ್ವೀಪ’, ‘ಮುಳುಗಡೆ’ ಕಾದಂಬರಿಗಳಾಯಿತು. ‘ದ್ವೀಪ’ ಆಧರಿಸಿದ ಚಲನಚಿತ್ರ 2002ರಲ್ಲಿ ತೆರೆಗೆ ಬಂತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸರಕಾರಿ ಕೆಲಸವೇ ಅವರಿಗೆ ಕಥೆಯ ಮಣ್ಣನ್ನೂ ಒದಗಿಸಿತು. ಆದರೆ ಇದನ್ನು ದಣಿದವರ ಬೆನ್ನಿಗೆ ಚಾಟಿಯಾಗಿ ಬಳಸಬಾರದು. ಅವರಿಂದ ಆಯಿತು, ನಿನ್ನಿಂದ ಏಕಾಗದು ಎಂದು ಕೇಳುವುದು ಸುಲಭ. ಎಲ್ಲ ಕೆಲಸವೂ ಒಂದೇ ಅಲ್ಲ, ಎಲ್ಲರ ಮೈಯೂ ಒಂದೇ ಅಲ್ಲ.

ನಮ್ಮ ಕಾಲುವೆಯನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನೂರಾರು ಹಳ್ಳಿ ದಾಟಿ ಬರುವಾಗ ಮೇಲ್ಭಾಗದವರು ಮಿತಿ ಮೀರಿ ಎಳೆದುಕೊಂಡರೆ ಮಾನ್ವಿ, ರಾಯಚೂರಿನ ಕೊನೆ ಭಾಗದ ಹೊಲ ಒಣಗುತ್ತದೆ. ಆಗ ಕೊನೆ ಭಾಗದ ರೈತನಿಗೆ ನೀನು ಸೋಮಾರಿ ಎನ್ನುವವರುಂಟೇ? ಕಥೆ ಬರೆಯುವವರ ಸಂಜೆಯೂ ಕೊನೆ ಭಾಗದ ಹೊಲ. ಬೈದರೆ ಅಲ್ಲಿಗೆ ನೀರು ಬಾರದು. ಮೇಲಿನ ತೂಬನ್ನು ಸರಿಯಾಗಿ ನಿರ್ವಹಿಸಬೇಕು.

ಅದನ್ನು ಬರೆಯುವವರು ಒಬ್ಬರೇ ಮಾಡಲಾಗದು. ಗಂಡಸು ಬರೆಯಲು ಕುಳಿತರೆ ಮನೆಯವರು ಮಾತು ತಗ್ಗಿಸುತ್ತಾರೆ. ಹೆಂಗಸು ಕುಳಿತರೆ, ರೊಟ್ಟಿ ಆಯಿತೇ ಎಂದು ಕೇಳುತ್ತಾರೆ. ಹೊರಗೆ ಒಂದು ಪಾಳಿ, ಒಳಗೆ ಇನ್ನೊಂದು ಪಾಳಿ ದುಡಿದ ಆಕೆಗೆ ಅರ್ಧ ಗಂಟೆಯ ಮೌನ ಕೊಡುವುದು ದಯೆಯಲ್ಲ, ನ್ಯಾಯ. ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯವೆಂದು ನಾವು ಕಲಿತಿಲ್ಲವೇ? ಬರೆಯುವವರಿಗೂ ಇದೇ ಅಳತೆ. ಮಗುವಿನ ಜ್ವರ, ಸಂಗಾತಿಯ ಬಳಲಿಕೆ, ತನ್ನದೇ ನಿದ್ದೆ, ಇವನ್ನು ಕದ್ದು ಬರೆದ ಪುಟಕ್ಕೆ ಬಡ್ಡಿ ತೆರುವವರು ಮನೆಯವರು.

ಊರಿಗೂ ಹೊಣೆಯಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ 45 ಡೆಸಿಬೆಲ್. ಅದೇ ವರ್ಷ ಒಂದು ಕ್ರೈಸ್ತ ಸಭೆಯ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟ್, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತು. ನಮ್ಮ ಹಬ್ಬದ ಧ್ವನಿವರ್ಧಕಗಳನ್ನು ಕಟ್ಟುವಾಗ ಇದು ನೆನಪಿರಲಿ.

ಇನ್ನು ಬರೆಯುವವರಿಗೆ ಒಂದೆರಡು ಮಾತು. ಕೆಲಸದಿಂದ ಬಂದೊಡನೆ ಬರೆಯಲು ಕುಳಿತುಕೊಳ್ಳಬೇಡಿ. ಮೊದಲು ಮಬ್ಬು ಬೆಳಕಿನಲ್ಲಿ ಸುಮ್ಮನಿರಿ; ಟಿ.ವಿ., ಮೊಬೈಲನ್ನು ವಿಶ್ರಾಂತಿಯೆಂದು ತಿಳಿಯಬೇಡಿ, ಅವೂ ಕಣ್ಣುಕಿವಿಗಳಿಗೆ ಹೊರೆಯೇ. ಸಂಜೆ ಆಗದಿದ್ದರೆ ನಸುಕಿನಲ್ಲಿ ಇಪ್ಪತ್ತು ನಿಮಿಷ ಸಾಕು. ಹಗಲಲ್ಲಿ ಕಿವಿಗೆ ಬಿದ್ದ ಒಂದು ಮಾತನ್ನು ಚೀಟಿಯಲ್ಲಿ ಬರೆದಿಡಿ. ಅದೂ ಆಗದ ತಿಂಗಳುಗಳು ಬರುತ್ತವೆ. ಕಾಲುವೆ ನಿಂತಾಗ ಭೂಮಿ ಬೀಳು ಬಿದ್ದಿದ್ದರೂ ರೈತ ಹೊಲವನ್ನು ಮಾರಿಬಿಡುವುದಿಲ್ಲ. ನೀವೂ ನೋಟುಬುಕ್ಕನ್ನು ರದ್ದಿಗೆ ಹಾಕಬೇಡಿ. ಇಂದು ರಾತ್ರಿ ದಣಿದಿದ್ದರೆ ಮಲಗಿಬಿಡಿ.